ಅಂಗಡಿಯಲ್ಲಿ ಒಪ್ಪಿಸಿದ ಪಾಠ

ನಿಮ್ಮಲ್ಲಿ ಹಿರಿಯಳ ಮದುವೆಗೆ ಬಟ್ಟೆ ತರಲು ನಾನು ಬಳ್ಳಾರಿಗೆ ಹೋಗಿ ಬಂದ ಮೇಲೆ ನಿಮ್ಮ ಸಿರುಗುಪ್ಪದ ಅತ್ತೆಯ ಮಗ ಎರಡು ತಿಂಗಳು ನನ್ನ ಫೋನು ಎತ್ತಲಿಲ್ಲ. ಯಾಕೆ ಎಂದು ನೀವು ಒಬ್ಬೊಬ್ಬರಾಗಿ ಬಂದು ಕೇಳಿದಿರಿ. ಪ್ರತಿ ಸಲವೂ ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಅವನನ್ನು ನೀವು ಚಿಕ್ಕಂದಿನಲ್ಲಿ ಅಕ್ಕ ಎನ್ನುತ್ತಿದ್ದಿರಿ. ಈಗ ಅಣ್ಣ ಎನ್ನುತ್ತೀರಿ. ನಿಮಗೆ ಒಂದು ವಾರ ಹಿಡಿಯಿತೋ ಇಲ್ಲವೋ. ನನಗೆ ಅಷ್ಟು ಸಲೀಸಾಗಲಿಲ್ಲ. ಇವತ್ತಿಗೂ ಎಲ್ಲ ತಿಳಿದಿದೆ ಎಂದು ಹೇಳಲಾರೆ. ತಿಳಿದಷ್ಟನ್ನು ಬರೆಯುತ್ತೇನೆ, ತಿಳಿಯದ್ದನ್ನೂ ಬರೆಯುತ್ತೇನೆ.

ನಾನು ಓದಿದ್ದು ಸಿರಿಗೇರಿಯ ಸರಕಾರಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಮ್ಮ ಮಾಸ್ತರರ ಪದ್ಧತಿ ಏನೆಂದರೆ, ಪಾಠವನ್ನು ಹತ್ತು ಸಲ ನೋಡಿ ಬರೆಯಬೇಕು, ಮರುದಿನ ಎದ್ದು ನಿಂತು ಒಪ್ಪಿಸಬೇಕು. ಮೆಲ್ಲಗೆ ಹೇಳಿದರೆ ಬಂದಿಲ್ಲ ಎಂದೇ ಅರ್ಥ. “ಹಿಂದಿನ ಗ್ವಾಡಿಗಿ ಕೇಳಸ್ಬೇಕು” ಎನ್ನುತ್ತಿದ್ದರು. ನಾನು ಯಾರಾದರೂ ಹೆಸರು ಕೇಳಿದರೆ ಅವ್ವನ ಸೆರಗು ಹಿಡಿಯುವ ಹುಡುಗಿ. ಆದರೂ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಗಟ್ಟಿಯಾಗಿ ಹೇಳಿ ಕೂತುಬಿಡುತ್ತಿದ್ದೆ. ಕಣ್ಣು ತೆರೆದಾಗ ಮಾಸ್ತರರು ತಲೆಯಾಡಿಸಿದ್ದರೆ ಆ ದಿನ ನನಗೆ ಹಬ್ಬ. ಪ್ರತಿ ಪಾಠದ ಕೊನೆಗೆ ಚೌಕದೊಳಗೆ ‘ನೆನಪಿಡಿ’ ಎಂದು ಮೂರು ನಾಲ್ಕು ಸಾಲು ಇರುತ್ತಿದ್ದವು. ಮಾಸ್ತರರು ಅದನ್ನು ಯಾವತ್ತೂ ಕೇಳುತ್ತಿರಲಿಲ್ಲ. ನಾವೂ ಅದನ್ನು ಬರೆಯುತ್ತಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ನನ್ನ ಓದು ಅಲ್ಲಿಗೇ ನಿಂತಿತು. ಹೊಸದೇನಾದರೂ ಕಲಿಯಬೇಕಾದರೆ ನನಗೆ ಗೊತ್ತಿರುವುದು ಅದೊಂದೇ ದಾರಿ.

ಹೋದ ವರ್ಷ ಚಳಿ ಮುಗಿದು ಬಿಸಿಲು ಏರುವ ದಿನಗಳಲ್ಲಿ, ಒಂದು ಭಾನುವಾರ, ಇಲ್ಲಿ ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ನೀವೆಲ್ಲ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಿರಿ. ಅಂಗಿ ಪ್ಯಾಂಟು ತೊಟ್ಟ ಒಬ್ಬ ಹುಡುಗ ಬಂದು ಎದುರಿಗೆ ನಿಂತ. ತಲೆಗೂದಲು ಸಣ್ಣಗೆ ಕತ್ತರಿಸಿತ್ತು. ತುಟಿಯ ಮೇಲೆ ಎಳೆ ಮೀಸೆ.

“ಅಜ್ಜಿ, ನಾ ಯಾರಂತ ಗೊತ್ತಾತೇನು?”

ದನಿ ಒಡೆದಿತ್ತು. ಆದರೆ ಕೇಳುವಾಗ ತಲೆಯನ್ನು ಒಂದು ಕಡೆ ವಾಲಿಸುವುದು ಹಾಗೆಯೇ ಇತ್ತು. ಹುಟ್ಟಿದ ಹತ್ತನೆಯ ದಿನದಿಂದ ನಾನು ಎಣ್ಣೆ ಹಚ್ಚಿ ಎರೆದ ಕೂಸು. ಬಳ್ಳಾರಿಗೆ ಓದಲು ಹೋಗಿ, ಅಲ್ಲೇ ಕೆಲಸಕ್ಕೆ ಸೇರಿ, ಎರಡು ವರ್ಷದಿಂದ ಮನೆಯ ಕಡೆ ಬಂದಿರಲಿಲ್ಲ.

“ಗೊತ್ತಾಗದೇನು. ಬಾ ಕುಂದ್ರು. ಕೂದ್ಲ ಯಾಕ ಹಿಂಗ ಕತ್ತರಿಸೀ?”

ಅವನು ಕೂತು ಒಂದು ಹಿಡಿ ಮೆಣಸಿನಕಾಯಿ ತನ್ನ ಕಡೆಗೆ ಎಳೆದುಕೊಂಡ. ಸ್ವಲ್ಪ ಹೊತ್ತು ಇಬ್ಬರೂ ತೊಟ್ಟು ಮುರಿದೆವು.

“ಅಜ್ಜಿ, ನಾ ಹುಡುಗಿ ಅಲ್ಲ. ಮೊದಲಿಂದ್ಲೂ ಅಲ್ಲ. ಹುಡುಗ ಅದೀನಿ. ಅವ್ವಗ ಹೇಳಿದೆ. ಬಾಗಲಾ ಹಾಕ್ಕೊಂಡ್ಲು.”

ನನಗೆ ಸೀನು ಬಂತು. ಅವನಿಗೂ ಬಂತು. ಇಬ್ಬರ ಕಣ್ಣಲ್ಲೂ ನೀರು. ಅದು ಮೆಣಸಿನ ಘಾಟಿಗೋ ಇನ್ನೊಂದಕ್ಕೋ ನನಗೆ ಇಂದಿಗೂ ಗೊತ್ತಿಲ್ಲ.

ನನಗೆ ಮೊದಲು ನೆನಪಾದದ್ದು ಸಿರಿಗೇರಿಗೆ ಬರುತ್ತಿದ್ದ ಜೋಗಪ್ಪ. ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ದೇವಿಯ ಮೂರ್ತಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದರು. ನಮ್ಮವ್ವ ಮೊರದಲ್ಲಿ ಜೋಳ ತಂದು ಹಾಕಿ ಕಾಲಿಗೆ ಬೀಳುತ್ತಿದ್ದಳು. ಒಮ್ಮೆ ನಾನು, ಇವರು ಗಂಡಸೋ ಹೆಂಗಸೋ ಎಂದು ಕೇಳಿದ್ದಕ್ಕೆ ಬಾಯಿಯ ಮೇಲೆ ಹೊಡೆದು, ದೇವಿ ಕರೆದವರನ್ನು ಹಾಗೆ ಕೇಳಬಾರದು ಎಂದಿದ್ದಳು. ಇಂಥ ಸಂಗತಿಯಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಅದಕ್ಕೇ ಕೇಳಿದೆ.

“ಅಮ್ಮ ಕರದಾಳೇನು ನಿನ್ನ?”

“ಯಾವ ಅಮ್ಮ?”

“ದೇವಿ.”

ಅವನು ನಕ್ಕುಬಿಟ್ಟ. “ಇಲ್ಲಬೇ. ನನ್ನ ಯಾವ ದೇವ್ರೂ ಕರದಿಲ್ಲ. ಅವ್ರನ್ನ ಹುಟ್ಟಿದಾಗ ಗಂಡು ಅಂದಿದ್ರು. ನಂದು ಉಲ್ಟಾ.”

“ಉಲ್ಟಾನೂ ಇರ್ತೈತೇನು?”

“ಎದುರಿಗೇ ಕುಂತೈತಲ್ಲ.”

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. “ಹಂಗಾದ್ರ ನಿನಗ ಹುಡುಗ್ಯಾರ ಮ್ಯಾಲ ಮನಸೇನು?”

“ಅದು ಬ್ಯಾರೆ ಪ್ರಶ್ನಿ, ಅಜ್ಜಿ. ನಾ ಯಾರು ಅನ್ನೋದು ಒಂದು. ನನಗ ಯಾರು ಬೇಕು ಅನ್ನೋದು ಇನ್ನೊಂದು. ಎರಡನ್ನೂ ಒಂದ ಗಂಟಿನಾಗ ಕಟ್ಟಬ್ಯಾಡ.”

ಅವು ಎರಡು ಪ್ರಶ್ನೆಗಳು ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನ್ನನ್ನು ಯಾರೂ ಎರಡನ್ನೂ ಕೇಳಿರಲಿಲ್ಲ. ಎರಡಕ್ಕೂ ಹಿರಿಯರೇ ಒಂದೇ ದಿನ, ಮದುವೆಯ ಹಂದರದ ಕೆಳಗೆ, ಉತ್ತರ ಕೊಟ್ಟು ಮುಗಿಸಿದ್ದರು.

ಹೋಗುವ ಮೊದಲು ಅವನು ತನ್ನ ಕೆಲಸದ ಬಗ್ಗೆ ಹೇಳಿದ. ಬ್ರೂಸ್‌ಪೇಟೆಯಲ್ಲಿ ಒಂದು ಬಟ್ಟೆಯ ಹೋಲ್‌ಸೇಲ್ ಅಂಗಡಿ. ಜೊತೆಯ ಕೆಲಸಗಾರರಿಬ್ಬರ ಸಂಗಡ ಒಂದು ರೂಮು. “ಅಲ್ಲಿ ಎಲ್ಲಾರಿಗೂ ನಾ ಹುಡುಗನ. ಆ ಕೆಲಸ, ಆ ರೂಮು, ಅಷ್ಟ ನಂದು ಈಗ” ಎಂದ. ಅಲ್ಲಿಯವರಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಒಪ್ಪಿಕೊಂಡಿದ್ದಾರೆ ಎಂದು ನಾನು ತಿಳಿದುಕೊಂಡೆ. ಎಷ್ಟು ಒಳ್ಳೆಯ ಜನ ಎಂದುಕೊಂಡೆ. ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಲಿಲ್ಲ.

ಅವನು ಚೀಲದಿಂದ ಎರಡು ಜೆರಾಕ್ಸ್ ಹಾಳೆಗಳನ್ನು ತೆಗೆದು ಕೊಟ್ಟ. ಬಳ್ಳಾರಿಯಲ್ಲಿ ಯಾವುದೋ ಸಭೆಯಲ್ಲಿ ಹಂಚಿದ್ದವಂತೆ. “ನೀ ಓದ್ತಿಯಲ್ಲ ಅಜ್ಜಿ. ನಮ್ಮ ಮನ್ಯಾಗ ನನ್ನ ಮಾತು ಕೇಳಾಕಿ ನೀ ಒಬ್ಬಾಕಿನ. ಪುರುಸೊತ್ತಿನಾಗ ಓದು.”

ಓದಿದೆ. ಕನ್ನಡದಲ್ಲೇ ಇದ್ದರೂ ಒಂದೊಂದು ಸಾಲು ಕಲ್ಲು ಅಗಿದಂತೆ ಆಗುತ್ತಿತ್ತು. ಲೈಂಗಿಕ ಒಲವು ಎಂದರೆ ಒಬ್ಬರ ಮನಸ್ಸೂ ದೇಹವೂ ಯಾರ ಕಡೆಗೆ ಸೆಳೆಯುತ್ತವೆ ಎಂಬುದು. ಲಿಂಗತ್ವದ ಗುರುತು ಎಂದರೆ ತಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂದು ಒಬ್ಬರು ತಮ್ಮೊಳಗೆ ತಿಳಿದುಕೊಂಡಿರುವುದು. ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಮೊದಲನೆಯ ಗುಂಪಿನವು. ಟ್ರಾನ್ಸ್ ಮ್ಯಾನ್, ಟ್ರಾನ್ಸ್ ವುಮನ್, ನಾನ್‌ಬೈನರಿ ಎರಡನೆಯ ಗುಂಪಿನವು. ಇಂಟರ್‌ಸೆಕ್ಸ್ ಎಂಬುದು ಎರಡಕ್ಕೂ ಸೇರದೆ, ಹುಟ್ಟಿನಿಂದ ಬಂದ ದೇಹದ ರಚನೆಗೆ ಸಂಬಂಧಿಸಿದ್ದು. ಇಷ್ಟನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಯುಗಾದಿ ಬಂದಿತ್ತು. ನಾನ್‌ಬೈನರಿ ಎಂಬಲ್ಲಿ ನಾನು ಈಗಲೂ ನಿಂತುಬಿಡುತ್ತೇನೆ. ಎರಡೂ ಅಲ್ಲದೆ ಇರುವುದು ಹೇಗೆ ಎಂದು ಊಹಿಸಲು ಹೋಗುತ್ತೇನೆ, ಸ್ವಲ್ಪ ದೂರ ಹೋಗಿ ತಿರುಗಿ ಬರುತ್ತೇನೆ.

ಎರಡನೆಯ ಹಾಳೆಯಲ್ಲಿ ಬಳಸಬಾರದ ಮಾತುಗಳ ಪಟ್ಟಿ ಇತ್ತು. ಓದುತ್ತ ಹೋದಂತೆ ನನ್ನ ಮುಖ ಬಿಸಿಯಾಯಿತು. ನನಗೆ ಹುಟ್ಟಿದಂದಿನಿಂದ ಗೊತ್ತಿದ್ದ ಮಾತುಗಳೆಲ್ಲ ಆ ಪಟ್ಟಿಯಲ್ಲೇ ಇದ್ದವು. ‘ಗಂಡುಬೀರಿ’ ಕೂಡ ಇತ್ತು. ಇದೇ ಮಗುವನ್ನು, ಮರ ಹತ್ತಿದಾಗ, ಜಗಳವಾಡಿ ಬಂದಾಗ, ನಾನೇ ಎಷ್ಟು ಸಲ ಹಾಗೆಂದು ಕೂಗಿ ಕರೆದಿದ್ದೆ. ಪ್ರೀತಿಯಿಂದಲೇ ಅಂದಿದ್ದೆ. ಅದು ಅವನಿಗೆ ಹೇಗೆ ಕೇಳಿಸಿತ್ತೋ.

ಆಗ ಒಂದು ಎಕ್ಸರ್‌ಸೈಜು ಬುಕ್ಕು ತರಿಸಿದೆ. ನಿಮ್ಮಲ್ಲಿ ಕಿರಿಯವನು, “ಅಜ್ಜಿ, ಪರೀಕ್ಷಿ ಕಟ್ಟೀ ಏನು?” ಎಂದು ಚಾಷ್ಟಿ ಮಾಡಿದ್ದು ನೆನಪಿದೆಯೇ? ಪ್ರತಿ ಮಾತನ್ನೂ ಅದರ ಅರ್ಥದ ಸಮೇತ ಹತ್ತು ಸಲ ಬರೆದೆ. ಮಧ್ಯಾಹ್ನ ನೀವು ಮಲಗಿದಾಗ ಹಿತ್ತಲಲ್ಲಿ ನಿಂತು, ಒಣಹಾಕಿದ ಬಟ್ಟೆಗಳ ಎದುರಿಗೆ ಒಪ್ಪಿಸಿದೆ. ಹಾಳೆಯ ಕೊನೆಗೆ ಚೌಕದೊಳಗೆ ‘ನೆನಪಿಡಿ’ ಎಂದು ಮೂರು ಸಾಲು ಇದ್ದವು. ಅವನ್ನು ಬರೆಯಲಿಲ್ಲ. ಅರವತ್ತು ದಾಟಿದರೂ ಕೈ ಅಲ್ಲಿಗೆ ತಾನಾಗಿ ನಿಂತಿತು.

ಮದುವೆ ನಿಶ್ಚಯವಾದ ಮೇಲೆ ಆಯೇರಿಯ ಬಟ್ಟೆ ತರಬೇಕಾಯಿತು. ಬೀಗರಿಗೂ ಬಳಗಕ್ಕೂ ಕೊಡುವ ಕುಪ್ಪಸದ ಕಣ, ಟವೆಲ್ಲು, ಪಂಚೆ. ನಿಮ್ಮ ಸಣ್ಣಜ್ಜಿ, ಅಂದರೆ ನನ್ನ ಮೈದುನನ ಹೆಂಡತಿ, ಬಟ್ಟೆ ನೋಡುವುದರಲ್ಲಿ ಚುರುಕು. ಅವಳನ್ನು ಕರೆದುಕೊಂಡು ಹೊರಟೆ. ಬ್ರೂಸ್‌ಪೇಟೆಯಲ್ಲಿ ಅಂಥ ಅಂಗಡಿಗಳು ಸಾಲಾಗಿವೆ. ನಾನು ಬೇಕೆಂದೇ ಅವಳನ್ನು ಅವನಿರುವ ಅಂಗಡಿಗೆ ಕರೆದೊಯ್ದೆ. ಅವನು ಕೆಲಸ ಮಾಡುವುದನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. ಅವನಿಗೂ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ.

ಅಂಗಡಿ ತುಂಬ ಗಿರಾಕಿ. ಗಾದಿಯ ಮೇಲೆ ಸಾವುಕಾರ ಕೂತಿದ್ದ. ಕೆಲಸದವರಿಗೆ ತೆಲುಗಿನಲ್ಲಿ, ಗಿರಾಕಿಗಳಿಗೆ ಕನ್ನಡದಲ್ಲಿ ಮಾತಾಡುತ್ತಿದ್ದ. ನಮ್ಮ ಹುಡುಗ ಕೌಂಟರಿನ ಹಿಂದೆ ನಿಂತು ಹಸಿರು ಕಣಗಳನ್ನು ಪಟಪಟ ಬಿಚ್ಚಿ ಹರಡುತ್ತಿದ್ದ. ನಮ್ಮನ್ನು ನೋಡಿದ. ಒಂದು ಕ್ಷಣ ಕೈ ನಿಂತಿತು. ಆಮೇಲೆ ಯಾರೋ ಹೊಸಬರಿಗೆ ಹೇಳುವಂತೆ, “ಬರ್ರಿ ಅಮ್ಮ, ಕುಂದ್ರಿ. ಏನು ತೋರಿಸ್ಲಿ?” ಎಂದ.

ಸಾವುಕಾರ ನಗುತ್ತ, “ಈ ಹುಡುಗ ಅದಾನಲ್ರಿ, ಬಾಳ ಚಲೋ. ಹೆಣ್ಣಿದ್ರ ನೋಡ್ರಿ ನಿಮ್ಮ ಕಡಿ” ಎಂದ. ಅಂಗಡಿಯವರು ಗಿರಾಕಿಗಳೊಡನೆ ಆಡುವ ಮಾತು.

ಸಣ್ಣಜ್ಜಿ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದಳು. ನನ್ನ ಕಡೆ ಬಾಗಿ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಅಂದಳು. “ಅಕ್ಕಾ, ಇದು ನಿನ್ನ ಮಗಳ ಮಗಳಲ್ಲೇನು? ಆ ಗಂಡುಬೀರಿ?”

ನನಗೆ ಏನಾಯಿತೋ ಗೊತ್ತಿಲ್ಲ. ಆ ಮಾತು ಪಟ್ಟಿಯಲ್ಲಿದ್ದ ಮಾತು. ಅದಕ್ಕೆ ಸರಿಯಾದದ್ದು ನನಗೆ ಬಾಯಿಪಾಠವಾಗಿತ್ತು. ಆ ಮಾತನ್ನು ಅವನ ಕಿವಿಗೆ ಬೀಳಗೊಡಬಾರದು ಎನಿಸಿತು. ಎದ್ದು ನಿಂತೆ. ಕಣ್ಣು ಮುಚ್ಚಿಕೊಂಡೆ.

“ಹಂಗ ಅನಬಾರ್ದು. ಇವನು ಟ್ರಾನ್ಸ್ ಮ್ಯಾನ್. ಹುಟ್ಟಿದಾಗ ಹೆಣ್ಣು ಎಂದು ಗುರುತಿಸಲ್ಪಟ್ಟು, ತನ್ನನ್ನು ತಾನು ಗಂಡು ಎಂದು ತಿಳಿದವರನ್ನು ಹಾಗೆ ಕರೆಯುತ್ತಾರೆ. ಇದು ರೋಗವಲ್ಲ. ಇದು ಯಾರ ತಪ್ಪೂ ಅಲ್ಲ. ಅವರನ್ನು ಗೌರವದಿಂದ ಕಾಣಬೇಕು.”

ಹಿಂದಿನ ಗೋಡೆಗೆ ಕೇಳುವಂತೆ ಹೇಳಿದೆ. ಒಂದು ಮಾತೂ ತಪ್ಪಲಿಲ್ಲ.

ಕಣ್ಣು ತೆರೆದು ಮಾಸ್ತರರ ಮುಖ ಹುಡುಕುವಂತೆ ಅವನ ಮುಖ ನೋಡಿದೆ. ಸುಣ್ಣ ಬಳಿದಂತಾಗಿತ್ತು. ಏಣಿಯ ಮೇಲೆ ನಿಂತಿದ್ದ ಇನ್ನೊಬ್ಬ ಕೆಲಸಗಾರ, ಅವನ ರೂಮಿನವನೇ ಎಂದು ಆಮೇಲೆ ತಿಳಿಯಿತು, ಕೆಳಗೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕ. ಸಾವುಕಾರ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದ. ನಮ್ಮ ಹುಡುಗ ಹರಡಿದ್ದ ಕಣಗಳನ್ನು ಒಂದೊಂದಾಗಿ ಮಡಚಿದ. ಮಡಚಿದ್ದನ್ನೇ ಮತ್ತೆ ಮಡಚಿದ. ಆಮೇಲೆ ಗೋದಾಮಿನ ಮೆಟ್ಟಿಲು ಹತ್ತಿ ಹೋದವನು ನಾವು ಏಳುವವರೆಗೂ ಇಳಿಯಲಿಲ್ಲ.

ಬಸ್ಸಿನಲ್ಲಿ ಸಣ್ಣಜ್ಜಿ ಕೊಂಡ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಊರು ಹತ್ತಿರ ಬಂದಾಗ ಅಂದಳು. “ನೀ ಇಷ್ಟು ಮಾತಾಡಿದ್ದು ನಾ ನನ್ನ ಜನ್ಮದಾಗ ಕೇಳಿಲ್ಲ. ಮಾತಾಡಿದ್ದೂ ಇದಾ?”

“ಖರೇನ ಹೇಳಿದ್ನಲ್ಲ?”

“ಖರೇನ ಇರ್ಲಿ. ಆ ಹುಡುಗನ ಮಾರಿ ನೋಡಿದೇನು?”

ಅವಳು ಹುಡುಗ ಎಂದಿದ್ದಳು. ಅದು ಅವಳಿಗೇ ಗೊತ್ತಾಗಲಿಲ್ಲ.

ಮನೆಗೆ ಬಂದು ಹಾಳೆಗಳನ್ನು ಮತ್ತೆ ತೆಗೆದೆ. ಎಲ್ಲಿ ತಪ್ಪಿದೆ ಎಂದು ಹುಡುಕಿದೆ. ಕೊನೆಗೆ ಆ ಚೌಕ ಕಂಡಿತು. ‘ಒಬ್ಬರ ಗುರುತನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳಬಾರದು. ಅದರಿಂದ ಅವರ ಕೆಲಸ ಹೋಗಬಹುದು, ಮನೆ ಹೋಗಬಹುದು, ಜೀವಕ್ಕೂ ಅಪಾಯವಾಗಬಹುದು.’ ಓದಿ ಹಾಳೆಯನ್ನು ಬೋರಲಾಗಿಟ್ಟು ಕೂತೆ.

ಆದರೂ ನನಗೆ ಬಗೆಹರಿಯಲಿಲ್ಲ. ಸರಿಯಾದ ಮಾತನ್ನು ಕಲಿಸಿದವರು ಈ ಹಾಳೆ ಬರೆದವರೇ. ಹೇಳಬಾರದು ಎನ್ನುವವರೂ ಅವರೇ. ಹೇಳಬಾರದ್ದಾದರೆ ಕಲಿಯುವುದು ಯಾಕೆ? ದಿನವೂ ಫೋನು ಹಚ್ಚಿದೆ. ಅವನು ಎತ್ತಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಬ್ಬಳೇ ಬಳ್ಳಾರಿಗೆ ಹೊರಟೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನಿಮಗೆ ದವಾಖಾನೆಗೆ ಎಂದು ಸುಳ್ಳು ಹೇಳಿದ್ದೆ. ಅಂಗಡಿಯ ಒಳಗೆ ಕಾಲಿಡಲು ಧೈರ್ಯ ಬರದೆ ಎದುರಿನ ಕಟ್ಟೆಯ ಮೇಲೆ ಕೂತೆ. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಹೊರಗೆ ಬಂದ. ನನ್ನನ್ನು ನೋಡಿ ನಿಂತ.

“ಯಾರ ಕೂಡ ಬಂದೀಬೇ?”

“ಒಬ್ಬಾಕಿನ.”

ಅವನು ಸುತ್ತಮುತ್ತ ನೋಡಿ, ನನ್ನ ಕೈಯ ಚೀಲ ತೆಗೆದುಕೊಂಡು, ಪಕ್ಕದ ಓಣಿಯ ಹೋಟೆಲಿಗೆ ಕರೆದೊಯ್ದ. ವಗ್ಗಾಣಿ ಮಿರ್ಚಿ ಹೇಳಿದ. ನಾನು ಒಂದು ತುತ್ತೂ ಮುಟ್ಟಲಿಲ್ಲ.

“ಕೆಲಸ ಐತಿಲ್ಲೋ?” ಎಂದು ಕೇಳಿದೆ.

“ಐತಿ. ಒಂದು ತಿಂಗಳು ಮ್ಯಾಲ ಗೋದಾಮಿಗಿ ಹಾಕಿದ್ರು, ಗಿರಾಕಿ ಕಣ್ಣಿಗಿ ಬೀಳಬಾರ್ದಂತ. ಯಾವ ಕಲರು ಎಲ್ಲೈತಂತ ಬ್ಯಾರೆ ಯಾರಿಗೂ ಗೊತ್ತಿಲ್ಲ, ಅದಕ್ಕ ಮತ್ತ ಕೆಳಗ ಕರದ್ರು. ರೂಮು ಹೋತು.”

“ಹೋತು ಅಂದ್ರ?”

“ಅವ್ರು ದಿನಾ ನಗತಿದ್ರು. ಒಂದಿನ ನನ್ನ ಹಾಸಿಗಿ ಹೊರಗ ಇಟ್ಟಿದ್ರು. ಈಗ ಮೋಕಾ ಊರಾಗ ಅದೀನಿ. ದಿನಾ ಬಸ್ಸಿಗಿ ಓಡಾಡ್ತೀನಿ.”

ಆಧಾರ್ ಕಾರ್ಡಿನಲ್ಲಿ ಅವನದು ಇನ್ನೂ ಹೆಣ್ಣು ಎಂದೇ ಇದೆ. ತೋರಿಸಿದರೆ ಹೆಂಗಸರಿಗಿರುವ ಪುಕ್ಕಟೆ ಟಿಕೆಟ್ಟಿನಲ್ಲಿ ನನ್ನ ಹಾಗೆ ಓಡಾಡಬಹುದು. ಅವನು ದಿನವೂ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾನೆ. ಇದನ್ನು ಅವನು ದೂರಿನಂತೆ ಹೇಳಲಿಲ್ಲ. ಕಂಡಕ್ಟರ್ ಚಿಲ್ಲರೆ ಕೊಡುವುದಿಲ್ಲ ಎಂಬ ಮಾತಿಗೆ ಹೇಳಿದ. ಆದರೆ ಎರಡು ಹಾಳೆಗಳಿಂದ ತಿಳಿಯದ ಏನೋ ಒಂದು ಅಷ್ಟರಲ್ಲಿ ನನಗೆ ತಟ್ಟಿತು.

“ನನ್ನ ತಪ್ಪಾತು” ಎಂದೆ. “ನಾ ಸರಿಯಾದ ಮಾತು ಅಂದ್ಕೊಂಡೆ.”

“ಮಾತು ಸರೀನ ಇತ್ತು. ಆದ್ರ ಅದನ್ನ ಹೇಳಾವ ನಾನು, ಅಜ್ಜಿ. ಯಾರಿಗಿ ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋದು ನಂದು.”

“ಮುಚ್ಚಿಟ್ರ ನಾಚಿಕಿ ಪಟ್ಟಂಗ ಆಗಂಗಿಲ್ಲೇನು?”

“ಬಸ್ಸು ಹತ್ತಿದ ಕೂಡ್ಲೇ ನೀ ಎಲ್ಲಾರಿಗೂ ಗಂಡ ಸತ್ತಾಕಿ ಅದೀನಿ ಅಂತ ಹೇಳ್ತೀ ಏನು?”

“ನಾ ಹೇಳೋದು ಯಾಕ? ಹಣಿ ನೋಡಿ ಅವ್ರ ತಿಳ್ಕೊಂತಾರ.”

ಅವನು ನನ್ನ ಹಣೆಯನ್ನು ನೋಡಿದ. ಆಮೇಲೆ ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ತಿಂದೆ.

ಮದುವೆಗೆ ಬಾ ಎಂದೆ. ಬರುವುದಿಲ್ಲ ಎಂದ. ಅವನ ಅವ್ವ ಫೋನಿನಲ್ಲಿ ಹೇಳಿದ್ದಳಂತೆ, ಬಂದರೆ ಒಂದು ದಿನದ ಮಟ್ಟಿಗೆ ಸೀರೆ ಉಟ್ಟುಕೊಂಡು ಬರಬೇಕೆಂದು.

“ಹೆಂಗ ಅದೀ ಹಂಗ ಬಾ.”

“ಯಾರರ ಕೇಳಿದ್ರ ಏನಂತೀ? ಮತ್ತ ಪಾಠ ಒಪ್ಪಸ್ತೀ ಏನು?”

“ಸುಮ್ಕಿರ್ತೀನಿ. ಅದು ನನಗ ಚಲೋ ಬರ್ತೈತಿ.”

ಅವನ ಮುಖದಲ್ಲಿ ಆವತ್ತು ಮೊದಲ ಸಲ ನಗೆ ಕಂಡಿತು. “ಸುಮ್ಕಿರಬ್ಯಾಡ. ನನ್ನ ಮೊಮ್ಮಗ ಅನ್ನು. ಅಷ್ಟ ಸಾಕು.”

ಮದುವೆಗೆ ಅವನು ಬಂದದ್ದನ್ನು ನೀವೂ ನೋಡಿದಿರಿ. ಬಿಳಿ ಅಂಗಿ ತೊಟ್ಟು, ಪಂಗತಿಯಲ್ಲಿ ಸಾರು ಬಡಿಸುತ್ತ, ಯಾರ ಕಣ್ಣಿಗೂ ಬೀಳದಂತೆ ಎಲ್ಲರ ನಡುವೆಯೇ ಇದ್ದ. ಬೀಗರ ಕಡೆಯ ಒಬ್ಬಾಕೆ ಇವನು ಯಾರು ಎಂದು ಕೇಳಿದಳು. ನನ್ನ ಮೊಮ್ಮಗ ಎಂದೆ. ಆಕೆ, “ಸಾರು ಚಲೋ ಬಡಿಸ್ತಾನ” ಎಂದು ಊಟ ಮುಂದುವರಿಸಿದಳು.

ನೀವು ನೋಡದೆ ಇದ್ದದ್ದು ಮರುದಿನ ಬೆಳಗ್ಗೆ ನಡೆದದ್ದು.

ನಮ್ಮಲ್ಲಿ ಮನೆಯ ಹೆಣ್ಣುಮಕ್ಕಳು ಹೊರಟು ನಿಂತಾಗ ಉಡಿ ತುಂಬುತ್ತಾರೆ. ಅಕ್ಕಿ, ಕಾಯಿ, ಕುಪ್ಪಸದ ಕಣ, ಎಲೆ ಅಡಿಕೆ. ಹೊರಟವಳು ಸೆರಗು ಒಡ್ಡಬೇಕು, ಮುತ್ತೈದೆ ತುಂಬಬೇಕು. ಗಂಡಸರಿಗೆ ಅದಿಲ್ಲ. ಹೆಗಲಿಗೆ ಒಂದು ಟವೆಲ್ಲು ಹೊದಿಸಿದರೆ ಮುಗಿಯಿತು. ನಿಮ್ಮ ಅಜ್ಜ ತೀರಿಕೊಂಡಾಗ ನನ್ನ ಮಗಳಿಗೆ ಹನ್ನೊಂದು ವರ್ಷ. ಆಮೇಲೆ ನಾನು ಯಾರ ಉಡಿಯನ್ನೂ ತುಂಬಿಲ್ಲ. ಅವಳು ಮದುವೆಯಾಗಿ ಸಿರುಗುಪ್ಪಕ್ಕೆ ಹೊರಟಾಗ ಉಡಿ ತುಂಬಿದ್ದು ಸಣ್ಣಜ್ಜಿ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಿಂತುಕೋ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆ ಬೆಳಗ್ಗೆ ನನ್ನ ಮಗಳು ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ತಟ್ಟೆಯಲ್ಲಿ ಅಕ್ಕಿ, ಕಾಯಿ, ಹಸಿರು ಕಣ. ಅವನು ಹೆಗಲಿಗೆ ಚೀಲ ಹಾಕಿಕೊಂಡು ಹೊರಟು ನಿಂತಿದ್ದ.

“ಮನಿ ಮಗಳು ಬರಿಗೈಲೆ ಹೋಗಬಾರ್ದು. ಹಿಡಿ” ಎಂದಳು.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ತಟ್ಟೆಯನ್ನು ಇಳಿಸಲಿಲ್ಲ. ಇಬ್ಬರೂ ಹಾಗೆಯೇ ನಿಂತರು. ತಟ್ಟೆಯ ಅಂಚಿನಿಂದ ಅಕ್ಕಿಯ ಕಾಳು ಒಂದೊಂದೇ ನೆಲಕ್ಕೆ ಬೀಳುತ್ತಿದ್ದವು. ಈ ಸಲ ಅವನು ಹೀಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಅನ್ನಿಸಿತು.

ಇಬ್ಬರಲ್ಲಿ ಒಬ್ಬರಿಗಾದರೂ ನಾನು ಏನಾದರೂ ಹೇಳಬೇಕಿತ್ತು. ನನಗೆ ಬರುತ್ತಿದ್ದ ಮಾತುಗಳಲ್ಲಿ ಒಂದೂ ಅಲ್ಲಿಗೆ ಹೊಂದುತ್ತಿರಲಿಲ್ಲ. ಉಳಿದಿದ್ದ ಆಯೇರಿಯ ಬಟ್ಟೆಯ ಗಂಟು ಮೂಲೆಯಲ್ಲಿತ್ತು. ಎಂದಿನಂತೆ ನಿಂತಿದ್ದ ಬಾಗಿಲ ಹಿಂದಿನಿಂದ ಬಂದು, ಅದರಿಂದ ಒಂದು ಟವೆಲ್ಲು ತೆಗೆದು, ಬಿಚ್ಚಿ ಅವನ ಹೆಗಲಿಗೆ ಹೊದಿಸಿದೆ. ಯಾರೂ ತಡೆಯಲಿಲ್ಲ. ಟವೆಲ್ಲು ಹೊದಿಸಲು ಮುತ್ತೈದೆ ಆಗಿರಬೇಕಿಲ್ಲ. ಹೊರಟು ನಿಂತ ಮಗುವಿಗೆ ನನ್ನ ಕೈಯಾರೆ ಏನಾದರೂ ಕೊಟ್ಟು ಎಷ್ಟು ವರ್ಷವಾಗಿತ್ತು ಎಂದು ಆಮೇಲೆ ನೆನಪಾಯಿತು. ಅವನು ಬಾಗಿ ನನ್ನ ಕಾಲು ಮುಟ್ಟಿದ. ಆಮೇಲೆ ಅವನ ಅವ್ವನ ಕಾಲು ಮುಟ್ಟಿದ.

ಮಗಳು ತಟ್ಟೆಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

“ಅವ್ವಾ, ನಿನಗ ಮೊಮ್ಮಗ ಸಿಕ್ಕ. ನನ್ನ ಮಗಳೆಲ್ಲಿ ಹೋದ್ಲು, ಹೇಳು.”

ಆ ರಾತ್ರಿ ಎರಡೂ ಹಾಳೆಗಳನ್ನು, ಚೌಕವನ್ನೂ ಸೇರಿಸಿ, ಮೊದಲಿನಿಂದ ಓದಿದೆ. ಅವಳ ಪ್ರಶ್ನೆಗೆ ಅಲ್ಲೂ ಏನೂ ಬರೆದಿರಲಿಲ್ಲ. ತಾನು ಎಲ್ಲೂ ಹೋಗಿಲ್ಲ, ಮೊದಲಿನಿಂದ ಇದ್ದವನೇ ಎಂದು ಅವನು ಹೇಳುತ್ತಾನೆ. ಅದು ಖರೆ ಎಂದು ನನಗೆ ಅನಿಸುತ್ತದೆ. ಮಗಳ ಮುಖ ನೆನಪಾದಾಗ ಅವಳದೂ ಖರೆ ಎನಿಸುತ್ತದೆ. ಎರಡೂ ಖರೆ ಇರಲು ಹೇಗೆ ಸಾಧ್ಯ ಎಂದು ತಿಳಿಯದೆ ಸೋತು ಮಲಗುತ್ತೇನೆ.

ಆದರೆ ಆ ಬೆಳಗ್ಗೆ ಅವನು ಹೊಸ್ತಿಲು ದಾಟುವ ಮೊದಲು ಅವಳು ತಟ್ಟೆಯಿಂದ ಕಾಯಿಯನ್ನಷ್ಟೇ ತೆಗೆದು, ಅವನ ಚೀಲದ ಜಿಪ್ಪು ಎಳೆದು ಒಳಗಿಟ್ಟಳು. ಅವನ ಮುಖ ನೋಡಲಿಲ್ಲ. “ಬಸ್ಸಿನಾಗ ಹುಷಾರು” ಎಂದಳು. ಆಮೇಲೆ ಒಂದು ವಾರ ನನ್ನ ಸಂಗಡ ಮಾತು ಬಿಟ್ಟಳು. ಅವನಿಗೆ ಮಾತ್ರ, ಕಾಯಿ ಕೆಟ್ಟಿತೋ ಚಲೋ ಇತ್ತೋ ಎಂದು ಕೇಳಲು ಫೋನು ಮಾಡಿದ್ದಳಂತೆ.

ಇದನ್ನು ನಿಮ್ಮ ಕೈಗೆ ಕೊಡುವ ಮೊದಲು ಅವನಿಗೆ ಓದಲು ಕೊಟ್ಟೆ. ಈ ಸಲ ಚೌಕವನ್ನು ಮೊದಲು ಓದಿದ್ದೆ. ಅವನು ಕುರುಗೋಡಿಗೆ ಬಂದು, ಅದೇ ಕಟ್ಟೆಯ ಮೇಲೆ ಕೂತು, ಪೆನ್ನು ಹಿಡಿದು ಓದಿದ. ಯಾರ ಹೆಸರೂ ಹಾಕಬೇಡ ಎಂದ. ಎರಡು ಕಡೆ ಸಾಲು ಹೊಡೆದು ಹಾಕಿದ. ಅಲ್ಲಿ ಏನಿತ್ತು ಎಂದು ನನ್ನನ್ನು ಕೇಳಬೇಡಿ. ನಾನ್‌ಬೈನರಿಯ ಬಗ್ಗೆ ಬರೆದಲ್ಲಿ ಬಹಳ ಹೊತ್ತು ನಿಂತ. ತಪ್ಪಿದೆಯೇ ಎಂದು ಕೇಳಿದೆ. “ಇರ್ಲಿ ಬಿಡು. ಗೊತ್ತಿಲ್ಲಂತ ಬರದೀಯಲ್ಲ, ಅದು ಖರೇನ ಐತಿ” ಎಂದ.

ಪೆನ್ನಿನ ಮುಚ್ಚಳ ಹಾಕಿ, ನಾನು ಇದನ್ನು ಬರೆದ ಎಕ್ಸರ್‌ಸೈಜು ಬುಕ್ಕನ್ನು ಹಿಂದಿರುಗಿಸಿದ.

“ಅವ್ರಿಗಿ ಕೊಡು ಅಜ್ಜಿ. ಆದ್ರ ಯಾರೂ ಗಟ್ಟಿಯಾಗಿ ಓದಬ್ಯಾಡ್ರಿ ಅಂತ ಹೇಳು.”

ತಮಾಷೆಗೆ ಹೇಳಿದನೋ ಖರೇ ಹೇಳಿದನೋ ಅವನ ಮುಖ ನೋಡಿದರೆ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದಾದರೂ ಇರಲಿ, ನೀವು ಮನಸ್ಸಿನಲ್ಲೇ ಓದಿಕೊಳ್ಳಿ.